ಶ್ವಾಸಕೋಶ ಫೈಬ್ರೋಸಿಸ್‌ಗೆ ಕಸಿ: ಯಾವಾಗ ಕಳಿಸಬೇಕು, ಒಂದೋ ಎರಡೋ, ಆಮೇಲೆ ಏನೇನು?

ಆರುನಿಮಿಷ
ಚರ್ಚೆಗೆ ಒಂದು ಕಲ್ಪಿತ ಕೇಸ್ ಇಟ್ಟುಕೊಳ್ಳೋಣ. ವಯಸ್ಸು 58, ಐಪಿಎಫ್ (ಕಾರಣ ತಿಳಿಯದೆ ಶ್ವಾಸಕೋಶ ನಾರುಗಟ್ಟುವ ಕಾಯಿಲೆ) ಖಚಿತ, ಸಿಟಿಯಲ್ಲಿ ಯುಐಪಿ ಮಾದರಿ (ಆ ಕಾಯಿಲೆಯಲ್ಲಿ ಕಾಣುವ ನಾರುಗಟ್ಟುವಿಕೆಯ ವಿನ್ಯಾಸ). ಎಫ್‌ವಿಸಿ (ತುಂಬ ಎಳೆದು ಪೂರ್ತಿ ಊದಿದ ಗಾಳಿಯ ಪ್ರಮಾಣ) ಇರಬೇಕಾದ್ದರ 66%, ಡಿಎಲ್‌ಸಿಒ (ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ದಾಟುವ ಸಾಮರ್ಥ್ಯ) 38%. ಕೂತಿದ್ದಾಗ ಆಕ್ಸಿಜನ್ ಬೇಡ, ಆದರೆ ಆರು ನಿಮಿಷದ ನಡಿಗೆಯಲ್ಲಿ ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಮಟ್ಟ) 86%ಕ್ಕೆ ಬೀಳುತ್ತದೆ. ಫೈಬ್ರೋಸಿಸ್ ನಿಧಾನಿಸುವ ಮಾತ್ರೆ ನಿಂಟೆಡಾನಿಬ್ 150 ಮಿ.ಗ್ರಾಂ ದಿನಕ್ಕೆ ಎರಡು ಸಲ ನಡೆದಿದೆ. ‘ಮೊದಲು ಮಾತ್ರೆ ಹಿಡಿಯುತ್ತಾ ನೋಡೋಣ, ಕಸಿ ಆಮೇಲಿನ ಮಾತು’ ಅನ್ನುವ ಸಲಹೆ ಇಂಥವರಿಗೆ ಸಿಗುತ್ತಲೇ ಇರುತ್ತದೆ. ಸರಿಯೇ ಅದು? ಕಸಿಯೇ ಆಗಬೇಕಾದರೆ ಒಂದು ಶ್ವಾಸಕೋಶವೋ ಎರಡೋ? ಆಮೇಲಿನ ವರ್ಷಗಳಲ್ಲಿ ಕೈಕೊಡುವುದು ಯಾವುದು? ಬಲ್ಲವರು ಬಿಡಿಸಿ ಬರೆಯಿರಿ. ಖರ್ಚಿನ ಮಾತು ಇಲ್ಲಿ ಬೇಡ.

ಪಟ್ಟಿಯಾಚೆ
ಆ ಸಲಹೆ ತಪ್ಪು. ಎಷ್ಟೋ ಜನರ ಅವಕಾಶ ಕೈತಪ್ಪುವುದು ಇಲ್ಲೇ. ನಿಂಟೆಡಾನಿಬ್ ಆಗಲಿ ಪಿರ್ಫೆನಿಡೋನ್ ಆಗಲಿ ಎಫ್‌ವಿಸಿ ಕುಸಿಯುವ ವೇಗವನ್ನು ತಗ್ಗಿಸುತ್ತವೆ ಅಷ್ಟೇ. ನಾರುಗಟ್ಟಿ ಬಿರುಸಾದ ಭಾಗ ಮತ್ತೆ ಮೆದುವಾಗುವುದಿಲ್ಲ. ಹಾಗಿರುವಾಗ ‘ಹಿಡಿಯುತ್ತಾ ನೋಡೋಣ’ ಅಂತ ಕಾಯುವುದಕ್ಕೆ ಅರ್ಥವಿಲ್ಲ. ಎರಡೂ ಜೊತೆಜೊತೆಗೇ ನಡೆಯಬೇಕು.

ರೆಫರಲ್ (ಕಸಿ ಕೇಂದ್ರಕ್ಕೆ ಕಳಿಸುವುದು) ಬೇರೆ, ಪಟ್ಟಿಗೆ ಹೆಸರು ಸೇರುವುದು ಬೇರೆ, ಶಸ್ತ್ರಚಿಕಿತ್ಸೆ ಬೇರೆ. ಮೊದಲನೆಯದಕ್ಕೆ ಹೂಂ ಅಂದರೆ ಮೂರನೆಯದಕ್ಕೂ ಸಹಿ ಹಾಕಿದಂತೆ ಅಂತ ಮನೆಯವರು ಗಾಬರಿ ಬೀಳುತ್ತಾರೆ. ಹಾಗೇನಿಲ್ಲ. ಹೃದಯ–ಶ್ವಾಸಕೋಶ ಕಸಿಯ ಅಂತರರಾಷ್ಟ್ರೀಯ ಸಂಘ ಐಎಸ್‌ಎಚ್‌ಎಲ್‌ಟಿ 2021ರಲ್ಲಿ ಹೊರಡಿಸಿದ ಒಮ್ಮತದ ಮಾರ್ಗಸೂಚಿಯಂತೆ ಯುಐಪಿ ಗೊತ್ತಾದಾಗಲೇ ರೆಫರ್ ಮಾಡಬೇಕು, ಔಷಧ ಆಗಷ್ಟೇ ಶುರುವಾಗಿದ್ದರೂ ಸರಿ. ಎಫ್‌ವಿಸಿ 80%ಕ್ಕಿಂತ ಅಥವಾ ಡಿಎಲ್‌ಸಿಒ 40%ಕ್ಕಿಂತ ಕೆಳಗಿದ್ದರೂ ರೆಫರಲ್ಲೇ. ಹಿಂದಿನ ಎರಡು ವರ್ಷದಲ್ಲಿ ಎಫ್‌ವಿಸಿ ಇದ್ದದ್ದರ ಹತ್ತನೇ ಒಂದು ಪಾಲು ಕರಗಿದ್ದರೂ, ನಡೆದಾಡುವಾಗ ಮಾತ್ರ ಆಕ್ಸಿಜನ್ ಬೇಕಾಗುತ್ತಿದ್ದರೂ ಹಾಗೆಯೇ. ನಿಮ್ಮ ಕೇಸ್ ಯಾವ ಬಾಗಿಲಿನಿಂದ ಬಂದರೂ ಒಳಗೇ.

ಪಟ್ಟಿಗೆ ಸೇರಿಸುವ ಗೆರೆ ಇದಕ್ಕಿಂತ ಬಿಗಿ. ಸರಿಯಾದ ಚಿಕಿತ್ಸೆ ನಡೆದಿದ್ದರೂ ಆರು ತಿಂಗಳಲ್ಲಿ ಎಫ್‌ವಿಸಿ 10 ಅಂಕಕ್ಕಿಂತ ಹೆಚ್ಚು ಇಳಿದಿರಬೇಕು, ಅಥವಾ 5 ಅಂಕ ಇಳಿದು ಸಿಟಿಯೂ ಹದಗೆಟ್ಟಿರಬೇಕು. ಆರು ನಿಮಿಷದ ನಡಿಗೆಯಲ್ಲಿ 88ರ ಕೆಳಗೆ ಬಿದ್ದರೆ ಅಥವಾ ನಡೆದ ದೂರ ಆರು ತಿಂಗಳಲ್ಲಿ 50 ಮೀಟರ್‌ಗಿಂತ ಹೆಚ್ಚು ಕಡಿಮೆಯಾದರೆ ಅದೂ ಸಾಕು. ಶ್ವಾಸಕೋಶದ ರಕ್ತನಾಳದ ಒತ್ತಡ ಏರಿದ್ದರೆ, ನ್ಯುಮೋಥೊರ್ಯಾಕ್ಸ್ (ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬುವುದು) ಅಥವಾ ಹಠಾತ್ ಉಲ್ಬಣದಿಂದ ಆಸ್ಪತ್ರೆ ಸೇರಿದ್ದರೆ ಕೂಡ. 86 ಅಂದರೆ ಈ ಕೇಸ್ ಆ ಗೆರೆಯನ್ನೂ ಮುಟ್ಟಿಯಾಗಿದೆ.

ಅವಸರ ಯಾಕೆಂದರೆ ಐಪಿಎಫ್ ಹೇಳಿ ಕೇಳಿ ಬರುವುದಲ್ಲ. ತಿಂಗಳುಗಟ್ಟಲೆ ಒಂದೇ ಮಟ್ಟದಲ್ಲಿದ್ದವರಿಗೆ ಒಂದು ವಾರದಲ್ಲಿ ಹಠಾತ್ ಉಲ್ಬಣ ಆಗಬಹುದು. ಅದಾದ ಮೇಲಿನ ಸರಾಸರಿ ಆಯುಸ್ಸು 3–4 ತಿಂಗಳು. ತಪಾಸಣೆಗಳನ್ನೆಲ್ಲ ಆಗ ಶುರು ಮಾಡಲು ಸಮಯವೇ ಇರುವುದಿಲ್ಲ.

ಬಲಕವಾಟ
ತಪಾಸಣೆಯ ವಿಷಯಕ್ಕೆ ಬರ್ತೀನಿ, ಎಲ್ಲವನ್ನೂ ಹೇಳೋದಿಲ್ಲ, ಜನ ಎಡವುವ ಜಾಗಗಳಷ್ಟೇ.

ಎಕೋದಲ್ಲಿ ಶ್ವಾಸಕೋಶದ ರಕ್ತನಾಳದ ಒತ್ತಡ ಸರಿಯಿದೆ ಅಂತ ಬಂದ್ರೆ ನಂಬಿ ಕೂರಬೇಡಿ. ಫೈಬ್ರೋಸಿಸ್ ರೋಗಿಗಳಲ್ಲಿ ಎಕೋ ಅಂದಾಜು ಹೆಚ್ಚೂ ಹೇಳುತ್ತೆ, ಕಡಿಮೆಯೂ ಹೇಳುತ್ತೆ. ಬಲಹೃದಯದ ಕ್ಯಾತಿಟರ್ (ನಳಿಕೆ ತೂರಿಸಿ ಒತ್ತಡವನ್ನ ನೇರ ಅಳೆಯೋದು) ಆಗಲೇಬೇಕು. ಅದರ ಜೊತೆಗೇ ಕರೊನರಿ ಆಂಜಿಯೋ ಮುಗಿಸುತ್ತಾರೆ. ಐಪಿಎಫ್ ಬರುವ ವಯಸ್ಸೂ ಹೃದಯದ ರಕ್ತನಾಳ ಕಟ್ಟಿಕೊಳ್ಳುವ ವಯಸ್ಸೂ ಒಂದೇ, ಅದಕ್ಕೆ.

ಅನ್ನನಾಳದ ಪಿಎಚ್ (ಹುಳಿ) ಮತ್ತು ಮ್ಯಾನೊಮೆಟ್ರಿ (ಚಲನೆ) ಪರೀಕ್ಷೆಗಳನ್ನ ‘ಎದೆಯುರಿ ಇಲ್ವಲ್ಲ’ ಅಂತ ಬಿಡ್ತಾರೆ. ಉರಿಯಿಲ್ಲದ ರಿಫ್ಲಕ್ಸ್ (ಹೊಟ್ಟೆಯ ರಸ ಮೇಲೆ ಬರೋದು) ಈ ಗುಂಪಲ್ಲಿ ಧಾರಾಳ. ಹೊಟ್ಟೆಯ ರಸ ರಾತ್ರಿ ಹೊಸ ಶ್ವಾಸಕೋಶಕ್ಕೆ ಇಳಿದ್ರೆ ಆಸಿಡ್ ತಗ್ಗಿಸುವ ಮಾತ್ರೆಯಿಂದ ಪ್ರಯೋಜನ ಇಲ್ಲ. ಮಾತ್ರೆ ಹುಳಿಯನ್ನ ತೆಗೆಯುತ್ತೆ, ಪಿತ್ತರಸ ಮೇಲೆ ಬರೋದನ್ನ ತಡೆಯಲ್ಲ. ಆಯ್ದವರಿಗೆ ಫಂಡೋಪ್ಲಿಕೇಶನ್ (ಹೊಟ್ಟೆಯ ಬಾಯಿಯನ್ನ ಬಿಗಿಮಾಡುವ ಶಸ್ತ್ರಚಿಕಿತ್ಸೆ) ಮಾಡ್ತಾರೆ. ಅನ್ನನಾಳದ ಚಲನೆ ತೀರಾ ದುರ್ಬಲವಾಗಿದ್ರೆ, ಚರ್ಮ, ಒಳಾಂಗ ಗಡುಸಾಗುವ ಸ್ಕ್ಲೆರೊಡರ್ಮಾ ಕಾಯಿಲೆಯಲ್ಲಿ ಆಗುವ ಹಾಗೆ, ಕೆಲವು ಕೇಂದ್ರಗಳು ಕಸಿಗೇ ಒಪ್ಪಲ್ಲ.

ಮೂತ್ರಪಿಂಡ: ಜಿಎಫ್‌ಆರ್ (ರಕ್ತ ಸೋಸುವ ವೇಗ) 40ಕ್ಕಿಂತ ಕಡಿಮೆ ಇದ್ರೆ ಬರೀ ಶ್ವಾಸಕೋಶ ಕಸಿಗೆ ಬಾಗಿಲು ಮುಚ್ಚಿದ ಹಾಗೇ, ಯಾಕಂದ್ರೆ ಜೀವಮಾನ ಪೂರ್ತಿ ನುಂಗಬೇಕಾದ, ರೋಗನಿರೋಧ ತಗ್ಗಿಸುವ ಔಷಧ ಟ್ಯಾಕ್ರೋಲಿಮಸ್ ಮೂತ್ರಪಿಂಡಕ್ಕೆ ವಿಷ. ಸ್ನಾಯು ಕರಗಿದವರಲ್ಲಿ ಕ್ರಿಯಾಟಿನಿನ್ ಸುಳ್ಳೇ ಚೆನ್ನಾಗಿ ಕಾಣುತ್ತೆ, 24 ಗಂಟೆಯ ಮೂತ್ರ ಅಥವಾ ಸಿಸ್ಟಾಟಿನ್ ಸಿ ಕೇಳಿ.

ಲಸಿಕೆಯಲ್ಲಿ ಒಂದೇ ಎಚ್ಚರಿಕೆ. ದಡಾರ, ಚಿಕನ್‌ಪಾಕ್ಸ್‌ನಂಥವುಗಳ ಜೀವಂತ ಲಸಿಕೆಗಳು ಬೇಕಿದ್ರೆ ಕಸಿಗೆ ಕನಿಷ್ಠ 4 ವಾರ ಮುಂಚೆಯೇ ಮುಗೀಬೇಕು. ಕಸಿ ಆದ ಮೇಲೆ ಅವು ಸಾಮಾನ್ಯವಾಗಿ ನಿಷಿದ್ಧ.

ಟೆಲೋ
ಬಲಕವಾಟ ಅವರ ಮಾತಿಗೆ ಒಂದು ಸೇರ್ಪಡೆ, ಐಪಿಎಫ್‌ಗೆ ಮುಖ್ಯವಾದದ್ದು. ಮನೆಯಲ್ಲಿ ಇನ್ನೊಬ್ಬರಿಗೂ ಫೈಬ್ರೋಸಿಸ್, ಅಕಾಲದಲ್ಲಿ ನರೆ, ಕಾರಣ ತಿಳಿಯದ ಪ್ಲೇಟ್‌ಲೆಟ್ ಕೊರತೆ, ಮದ್ಯ ಮುಟ್ಟದವರಿಗೆ ಲಿವರ್ ಸಿರೋಸಿಸ್, ಇವುಗಳಲ್ಲಿ ಯಾವುದಿದ್ದರೂ ಟೆಲೋಮಿಯರ್ (ವರ್ಣತಂತುಗಳ ತುದಿಯ ರಕ್ಷಣೆ) ಉದ್ದ ಅಳೆಸಬೇಕು. ಟಿಇಆರ್‌ಟಿ, ಟಿಇಆರ್‌ಸಿ, ಆರ್‌ಟಿಇಎಲ್1, ಪಿಎಆರ್‌ಎನ್ ವಂಶವಾಹಿಗಳಲ್ಲಿ ದೋಷವಿದ್ದವರಿಗೂ ಕಸಿ ಮಾಡಬಹುದು, ಮಾಡುತ್ತಾರೆ. ಆದರೆ ಅವರ ಅಸ್ಥಿಮಜ್ಜೆಗೆ ತಾಳಿಕೆ ಕಡಿಮೆ. ಮೈಕೋಫೆನೊಲೇಟ್ (ದೇಹ ಹೊಸ ಅಂಗವನ್ನು ತಿರಸ್ಕರಿಸುವ ರಿಜೆಕ್ಷನ್ ತಡೆಗೆ), ವ್ಯಾಲ್‌ಗ್ಯಾನ್ಸಿಕ್ಲೋವಿರ್ (ಸಿಎಂವಿ ಎಂಬ ವೈರಸ್ ತಡೆಗೆ), ಕೋಟ್ರೈಮಾಕ್ಸಜೋಲ್ (ಸೋಂಕು ತಡೆಗೆ) ಮೂರೂ ಬಿಳಿ ರಕ್ತಕಣ ತಗ್ಗಿಸುವ ಔಷಧಗಳು. ಕಸಿಯ ನಂತರ ಮೂರೂ ಒಟ್ಟಿಗೇ ನಡೆಯುತ್ತವೆ. ಟೆಲೋಮಿಯರ್ ಗಿಡ್ಡ ಅಂತ ಮೊದಲೇ ಗೊತ್ತಿದ್ದರೆ ತಂಡ ಡೋಸ್ ತಗ್ಗಿಸಿಟ್ಟುಕೊಳ್ಳುತ್ತದೆ. ಗೊತ್ತಿಲ್ಲದಿದ್ದರೆ ಕಣಗಳು ಕುಸಿದಾಗ ಒಂದೊಂದನ್ನೇ ನಿಲ್ಲಿಸುತ್ತಾ ಹೋಗಬೇಕು. ಮೈಕೋಫೆನೊಲೇಟ್ ನಿಂತರೆ ರಿಜೆಕ್ಷನ್ ಭಯ, ವ್ಯಾಲ್‌ಗ್ಯಾನ್ಸಿಕ್ಲೋವಿರ್ ನಿಂತರೆ ಸಿಎಂವಿ ಭಯ.

ಹೆಜ್ಜೆಬಲ
ಕಾಯುವ ಕಾಲದಲ್ಲಿ ರೋಗಿಯ ಕೈಯಲ್ಲಿರೋದು ಮೂರೇ: ತೂಕ, ತೊಡೆಯ ಬಲ, ಸ್ಟೀರಾಯ್ಡ್ ಡೋಸ್.

ಬಿಎಂಐ 35 ದಾಟಿದ್ರೂ 16ರ ಕೆಳಗಿದ್ರೂ ಅಪಾಯ ಬಹಳ ಜಾಸ್ತಿ. ನಿಂಟೆಡಾನಿಬ್‌ನ ಭೇದಿಯಿಂದ, ಪಿರ್ಫೆನಿಡೋನ್‌ನ ವಾಕರಿಕೆಯಿಂದ ತೂಕ ಇಳಿಯುತ್ತಿದ್ರೆ ‘ಔಷಧದ ಗುಣವೇ ಹಾಗೆ’ ಅಂತ ಸುಮ್ಮನಿರಬೇಡಿ. ಊಟದ ಜೊತೆಗೇ ತಗೊಳ್ಳಿ, ಲೋಪೆರಮೈಡ್ ಬಗ್ಗೆ ಕೇಳಿ, ನಿಂಟೆಡಾನಿಬ್ಬನ್ನ 100 ಮಿ.ಗ್ರಾಂಗೆ ಇಳಿಸುವ ಅವಕಾಶವೂ ಇದೆ.

ವ್ಯಾಯಾಮದ ಹೊತ್ತಿಗೆ ಆಕ್ಸಿಜನ್ ಹರಿವನ್ನ ಕೂತಾಗಿನದಕ್ಕಿಂತ ಏರಿಸಬೇಕು, ಸ್ಯಾಚುರೇಶನ್ 88ರ ಮೇಲೆ ನಿಲ್ಲುವಷ್ಟು. ಬಹಳ ಜನ 2 ಲೀಟರ್‌ನಲ್ಲೇ ನಡೆದು, ಸುಸ್ತಾಗಿ, ‘ವ್ಯಾಯಾಮ ಆಗಿಬರಲ್ಲ’ ಅಂತ ಬಿಡ್ತಾರೆ. ಉಸಿರೆಳೆದಾಗ ಮಾತ್ರ ಆಕ್ಸಿಜನ್ ಬಿಡುವ (ಪಲ್ಸ್) ಚಿಕ್ಕ ಕಾನ್ಸಂಟ್ರೇಟರ್ ನಡಿಗೆಗೆ ಸಾಲದೇ ಇರಬಹುದು. ಅದರ ಮೇಲಿನ ‘5’ ಅಂದ್ರೆ ನಿಮಿಷಕ್ಕೆ 5 ಲೀಟರ್ ಅಲ್ಲ, ಬರೀ ಸೆಟ್ಟಿಂಗ್ ಸಂಖ್ಯೆ. ನಡೆಯುತ್ತಲೇ ಆಕ್ಸಿಮೀಟರ್ ಹಾಕಿ ನೋಡಿ. ಕುರ್ಚಿಯಿಂದ ಕೈ ಊರದೆ ಐದು ಸಲ ಎದ್ದು ಕೂರಕ್ಕಾಗದವರಿಗೆ ಶಸ್ತ್ರಚಿಕಿತ್ಸೆ ಆದ ಮೇಲೆ ಹಾಸಿಗೆ ಬಿಡೋದೇ ಕಷ್ಟ.

ಐಪಿಎಫ್‌ಗೆ ದೀರ್ಘಕಾಲ ಪ್ರೆಡ್ನಿಸೋಲೋನ್ ಕೊಡೋದರಲ್ಲಿ ಅರ್ಥ ಇಲ್ಲ. ಪ್ರೆಡ್ನಿಸೋನ್, ಅಜಥಯೋಪ್ರಿನ್, ಎನ್‌ಎಸಿ ಮೂರನ್ನೂ ಕೊಟ್ಟ ಗುಂಪಲ್ಲಿ ಸಾವು ಹೆಚ್ಚಿತ್ತು ಅಂತ 2012ರ ಪ್ಯಾಂಥರ್ ಅಧ್ಯಯನದಲ್ಲೇ ಕಂಡಿದೆ. ಬೇರೆ ಕಾರಣಕ್ಕೆ ಸ್ಟೀರಾಯ್ಡ್ ಬೇಕಿದ್ರೆ ಡೋಸ್ ಆದಷ್ಟು ತಗ್ಗಿರಲಿ. ಗಾಯ ಮಾಯೋದು ನಿಧಾನವಾಗುತ್ತೆ, ತೊಡೆಯ ಸ್ನಾಯು ಕರಗುತ್ತೆ.

ಸುಧಾರಣೆ
ಒಂದೋ ಎರಡೋ ಅನ್ನುವುದಕ್ಕೆ: ಫೈಬ್ರೋಸಿಸ್‌ಗೆ ಒಂದು ಸಾಕು ಅನ್ನುವ ಪಕ್ಷ ನನ್ನದು, ಕಾರಣ ಇದೆ. ಉಳಿದ ಹಳೆಯ ಶ್ವಾಸಕೋಶ ಬಿರುಸು, ಅದರ ರಕ್ತನಾಳಗಳಲ್ಲಿ ತಡೆಯೂ ಹೆಚ್ಚು. ಹಾಗಾಗಿ ಗಾಳಿಯೂ ರಕ್ತವೂ ತಾವಾಗಿಯೇ ಹೊಸದರ ಕಡೆಗೆ ಹರಿಯುತ್ತವೆ. ಗಾಳಿ–ರಕ್ತದ ಜೋಡಿ ಕೂಡಿಬರುತ್ತದೆ. 1963ರಲ್ಲಿ ಜೇಮ್ಸ್ ಹಾರ್ಡಿ ಮಾಡಿದ ಮೊದಲ ಮಾನವ ಶ್ವಾಸಕೋಶ ಕಸಿಯ ರೋಗಿ ಬದುಕಿದ್ದು 18 ದಿನ. ಅಲ್ಲಿಂದ ಇಪ್ಪತ್ತು ವರ್ಷ ಯಾರಿಗೂ ನೆಲೆ ಸಿಗಲಿಲ್ಲ. 1983ರಲ್ಲಿ ಟೊರಾಂಟೊದ ಜೋಯೆಲ್ ಕೂಪರ್ ತಂಡಕ್ಕೆ ಗೆಲುವು ಸಿಕ್ಕಿದ್ದು ಫೈಬ್ರೋಸಿಸ್ ರೋಗಿಯಲ್ಲೇ, ಒಂದೇ ಶ್ವಾಸಕೋಶದಿಂದಲೇ. ಶಸ್ತ್ರಚಿಕಿತ್ಸೆ ಚಿಕ್ಕದು, ಕಾಯುವುದು ಕಡಿಮೆ, ಒಬ್ಬ ದಾನಿಯಿಂದ ಇಬ್ಬರಿಗೆ ಉಸಿರು.

ಪಟ್ಟಿಯಾಚೆ
ಶರೀರಕ್ರಿಯೆಯ ವಾದ ಒಪ್ಪುತ್ತೇನೆ, ಸುಧಾರಣೆ ಅವರೇ. ಆದರೆ ಉಳಿದ ಹಳೆಯದು ಸುಮ್ಮನೆ ಕೂತಿರುವುದಿಲ್ಲ. ಫೈಬ್ರೋಸಿಸ್ ಅಂಗಾಂಶದಲ್ಲಿ ಕ್ಯಾನ್ಸರ್ ಬರುವ ಸಂಭವ ಮೊದಲೇ ಹೆಚ್ಚು, ಅದರ ಮೇಲೆ ರೋಗನಿರೋಧ ತಗ್ಗಿಸುವ ಔಷಧ. ಸೋಂಕು, ನ್ಯುಮೋಥೊರ್ಯಾಕ್ಸ್ ಕೂಡ ಅದರಲ್ಲೇ ಹುಟ್ಟುತ್ತವೆ. ರಕ್ತನಾಳದ ಒತ್ತಡ ಜೋರಾಗಿದ್ದರೆ ಸಮಸ್ಯೆ ತಿರುಗುಮುರುಗು. ಹೆಚ್ಚುಕಡಿಮೆ ಇಡೀ ಹೃದಯದ ಹರಿವು ಒಂದೇ ಹೊಸ ಶ್ವಾಸಕೋಶಕ್ಕೆ ನುಗ್ಗಿ ಅದು ನೀರುತುಂಬಿ ಊದಿಕೊಳ್ಳುತ್ತದೆ. ಕಫ ಸೋಂಕಿನ ಬ್ರಾಂಕಿಯೆಕ್ಟಾಸಿಸ್ (ಉಸಿರುನಾಳಗಳು ಹಿಗ್ಗಿ ಕಫ ನಿಲ್ಲುವುದು) ಇದ್ದರೆ ಒಂದರ ಮಾತೇ ಇಲ್ಲ.

58 ವರ್ಷ, ಹೃದಯ ಸರಿ, ಕಾಯಲು ಶಕ್ತಿಯಿದೆ ಅಂದರೆ ಎರಡು. 67 ವರ್ಷ, ಒತ್ತಡ ಸಾಮಾನ್ಯ, ವೇಗವಾಗಿ ಇಳಿಯುತ್ತಿದ್ದಾರೆ ಅಂದರೆ ಒಂದೇ ಮೇಲು. ಪಟ್ಟಿಗೆ ಬರೆಯುವಾಗ ‘ಯಾವುದು ಮೊದಲು ಸಿಕ್ಕರೂ’ ಅಂತ ಬರೆಸುವ ದಾರಿಯೂ ಇದೆ.

ಸುಧಾರಣೆ
ಒತ್ತಡದ ವಿಷಯದಲ್ಲಿ ತಕರಾರಿಲ್ಲ. ವಯಸ್ಸಿನ ಗೆರೆಯಲ್ಲಿ ಇದೆ. 70 ದಾಟಿದರೆ ಅಪಾಯ ಏರುತ್ತದೆ ಅನ್ನುವುದು ಸರಿ, ಆದರೆ ನೋಡಬೇಕಾದ್ದು ಜನ್ಮದಿನಾಂಕಕ್ಕಿಂತ ಹೆಜ್ಜೆಬಲ ಅವರು ಹೇಳಿದ ಕುರ್ಚಿ ಪರೀಕ್ಷೆ.

ಅಳತೆಪಟ್ಟಿ
ದಾನಿ ಸಿಕ್ಕಿಯೂ ಕೈತಪ್ಪುವುದು ಯಾಕೆ ಅಂತ ಜನ ಕೇಳುತ್ತಾರೆ. ರಕ್ತದ ಗುಂಪಿನ ನಂತರ ಗಾತ್ರ. ಎದೆಯ ಸುತ್ತಳತೆಯಲ್ಲ, ಎತ್ತರ ಮತ್ತು ಲಿಂಗದಿಂದ ಲೆಕ್ಕಹಾಕುವ ಒಟ್ಟು ಶ್ವಾಸಕೋಶ ಸಾಮರ್ಥ್ಯ. ಪುರುಷರಿಗೆ ಮೀಟರಿನಲ್ಲಿ ಎತ್ತರ × 7.99 − 7.08, ಮಹಿಳೆಯರಿಗೆ ಎತ್ತರ × 6.60 − 5.79. 1.70 ಮೀಟರ್ ಗಂಡಸಿಗೆ 6.5 ಲೀಟರ್, 1.60 ಮೀಟರ್ ಹೆಂಗಸಿಗೆ 4.8 ಲೀಟರ್ ಸುಮಾರು. ಆ ಹೆಂಗಸು ದಾನಿ, ಆ ಗಂಡಸು ರೋಗಿ ಆದರೆ ಅನುಪಾತ 0.73. ಕಾಗದದ ಮೇಲೆ ಚಿಕ್ಕದಾಯಿತು. ಆದರೆ ಫೈಬ್ರೋಸಿಸ್‌ನಲ್ಲಿ ಎದೆಗೂಡು ಕುಗ್ಗಿ ವಪೆ (ಎದೆ–ಹೊಟ್ಟೆ ನಡುವಿನ ಸ್ನಾಯುಪದರ) ಮೇಲಕ್ಕೆ ಸೇದಿಕೊಂಡಿರುತ್ತದೆ. ರೋಗಿಯ ಅಳೆದ ನಿಜ ಸಾಮರ್ಥ್ಯ 3.5 ಲೀಟರ್ ಇರಬಹುದು. ಹಳೆಯದು ತೆಗೆದ ಮೇಲೆ ವಪೆ ಸ್ವಲ್ಪ ಇಳಿಯುತ್ತದೆ, ಜಾಗ ಬಿಡುತ್ತದೆ. ಎಷ್ಟು ಬಿಡುತ್ತದೆ ಅನ್ನುವುದು ಸರ್ಜನ್ ಅಂದಾಜು. ತೀರಾ ದೊಡ್ಡದು ತುರುಕಿದರೆ ಭಾಗ ಮಡಚಿಕೊಂಡು ಗಾಳಿಯಾಡುವುದಿಲ್ಲ, ಎದೆ ಮುಚ್ಚುವುದೂ ಕಷ್ಟ. ತೀರಾ ಚಿಕ್ಕದಾದರೆ ಆರಂಭದ ದಿನಗಳಲ್ಲಿ ಹೊಸ ಶ್ವಾಸಕೋಶ ಕೆಲಸ ತಪ್ಪುವ ಸಾಧ್ಯತೆ ಹೆಚ್ಚು.

ಇನ್ನೊಂದು ಅಡ್ಡಿ ಎಚ್‌ಎಲ್‌ಎ ಪ್ರತಿಕಾಯಗಳು, ಅಂದರೆ ಬೇರೆಯವರ ಅಂಗಾಂಶದ ಗುರುತಿನ ಮೇಲೆ ದಾಳಿ ಮಾಡುವ ಕಣಗಳು. ಹಿಂದಿನ ಗರ್ಭಧಾರಣೆ, ರಕ್ತ ಹಾಕಿಸಿಕೊಂಡದ್ದು ಇವುಗಳಿಂದ ಹುಟ್ಟುತ್ತವೆ. ಪಟ್ಟಿಯಲ್ಲಿದ್ದಾಗ ಬೇರೆ ಆಸ್ಪತ್ರೆಯಲ್ಲಿ ರಕ್ತ ಹಾಕಿಸಿಕೊಂಡರೆ ಕಸಿ ಕೇಂದ್ರಕ್ಕೆ ತಿಳಿಸಲೇಬೇಕು, ಪ್ರತಿಕಾಯ ಪರೀಕ್ಷೆ ಮತ್ತೆ ಆಗಬೇಕಾಗುತ್ತದೆ.

ಕ್ಲ್ಯಾಂಪ್
ಶಸ್ತ್ರಚಿಕಿತ್ಸೆ ಚಿಕ್ಕದಾಗಿ. ಎರಡಾದರೆ ಎದೆಯ ಅಡ್ಡಕ್ಕೆ, ಎರಡೂ ಮೊಲೆಗಳ ಕೆಳಗಿಂದ ಕೊಯ್ದು ಎದೆಮೂಳೆ ಕತ್ತರಿಸುತ್ತಾರೆ, ಅಥವಾ ಮೂಳೆ ಮುಟ್ಟದೆ ಎರಡು ಬದಿಯಿಂದ. ಪ್ರತಿ ಬದಿಗೆ ಮೂರು ಜೋಡಣೆ: ಬ್ರಾಂಕಸ್ (ಶ್ವಾಸಕೋಶದ ಮುಖ್ಯ ಉಸಿರುನಾಳ), ಪಲ್ಮನರಿ ಅಪಧಮನಿ (ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳ), ಮತ್ತು ಎರಡು ಸಿರೆಗಳನ್ನು ಹೊತ್ತ ಎಡ ಹೃತ್ಕರ್ಣದ ತುಣುಕು. ಸಾಮಾನ್ಯವಾಗಿ ಇದೇ ಕ್ರಮದಲ್ಲಿ. ಐಪಿಎಫ್‌ನಲ್ಲಿ ರಕ್ತನಾಳದ ಒತ್ತಡ ಏರಿದ್ದರೆ ಒಂದು ಬದಿ ಮುಚ್ಚಿದಾಗ ಬಲಹೃದಯ ತಾಳದೆ ಹೋಗಬಹುದು, ಎಕ್ಮೋ (ದೇಹದ ಹೊರಗೆ ರಕ್ತಕ್ಕೆ ಆಕ್ಸಿಜನ್ ತುಂಬುವ ಯಂತ್ರ) ಸಿದ್ಧವಿರಬೇಕು.

ದುರ್ಬಲ ಜಾಗ ಬ್ರಾಂಕಸ್. ಬ್ರಾಂಕಿಯಲ್ ಅಪಧಮನಿಯನ್ನು ಸಾಮಾನ್ಯವಾಗಿ ಜೋಡಿಸುವುದಿಲ್ಲ, ಹಾಗಾಗಿ ದಾನಿಯ ಬ್ರಾಂಕಸ್ ತುದಿಗೆ ಮೊದಲ ವಾರಗಳಲ್ಲಿ ಸ್ವಂತ ರಕ್ತ ಇಲ್ಲ, ಪಲ್ಮನರಿ ಕಡೆಯಿಂದ ಹಿಮ್ಮುಖವಾಗಿ ಜಿನುಗಿದ್ದಷ್ಟೇ. ಆ ಕಾರಣಕ್ಕೇ ದಾನಿಯ ಕಡೆ ಮೇಲಿನ ಹಾಲೆಯ ಕವಲಿನಿಂದ ಒಂದೆರಡು ಉಂಗುರ ಮಾತ್ರ ಬಿಟ್ಟು ಗಿಡ್ಡವಾಗಿ ಕತ್ತರಿಸುತ್ತಾರೆ. ಉದ್ದ ಬಿಟ್ಟರೆ ತುದಿ ಸತ್ತು ಬಿರಿಯುತ್ತದೆ, ಅಥವಾ ಮಾಯುವಾಗ ಕಿರಿದಾಗಿ ಬಲೂನು, ಸ್ಟೆಂಟ್ ಬೇಕಾಗುತ್ತದೆ.

ಮೊದಲ 72 ಗಂಟೆಯ ದೊಡ್ಡ ಗಂಡಾಂತರ ಪಿಜಿಡಿ, ಅಂದರೆ ಹೊಸ ಶ್ವಾಸಕೋಶ ಸೋರಿ ನೀರು ತುಂಬುವುದು. ಎಕ್ಸ್‌ರೇಯಲ್ಲಿ ಬಿಳುಪಿದ್ದು ರಕ್ತದ ಆಕ್ಸಿಜನ್ ಒತ್ತಡಕ್ಕೂ ಕೊಡುವ ಆಕ್ಸಿಜನ್ ಪಾಲಿಗೂ ಇರುವ ಅನುಪಾತ 200ರ ಕೆಳಗಿದ್ದರೆ 3ನೇ ದರ್ಜೆ. ಐಪಿಎಫ್ ರೋಗಿಗಳಿಗೆ ಇದರ ಸಂಭವ ಹೆಚ್ಚು. ದ್ರವ ಕಟ್ಟುನಿಟ್ಟು, ದಾನಿಯ ಗಾತ್ರಕ್ಕೆ ತಕ್ಕ ಚಿಕ್ಕ ಉಸಿರು, ನೈಟ್ರಿಕ್ ಆಕ್ಸೈಡ್, ಸಾಲದಿದ್ದರೆ ಎಕ್ಮೋ.

ಆರುನಿಮಿಷ
ಕಸಿಗೆ ಮುಂಚೆಯೇ ವೆಂಟಿಲೇಟರ್ ಹಂತ ತಲುಪಿದರೆ? ಮತ್ತು ನಿಂಟೆಡಾನಿಬ್ ಯಾವಾಗ ನಿಲ್ಲಿಸಬೇಕು, ರಕ್ತಸ್ರಾವ ಆಗುತ್ತೆ ಅಂತಾರಲ್ಲ?

ಕ್ಲ್ಯಾಂಪ್
ಎರಡನೆಯದಕ್ಕೆ ಮೊದಲು ಉತ್ತರ. ಕರೆ ಬರುವವರೆಗೂ ಮುಂದುವರಿಸುವುದೇ ಬಹುತೇಕ ಕೇಂದ್ರಗಳ ರೂಢಿ. ಆಂಟಿಫೈಬ್ರೋಟಿಕ್ (ನಿಂಟೆಡಾನಿಬ್‌ನಂಥ ಔಷಧ) ನುಂಗುತ್ತಿದ್ದವರಲ್ಲಿ ರಕ್ತಸ್ರಾವವಾಗಲಿ ಜೋಡಣೆ ಬಿರಿಯುವುದಾಗಲಿ ಎದ್ದುಕಾಣುವಷ್ಟು ಹೆಚ್ಚಿಲ್ಲ ಅನ್ನುವುದು ಈವರೆಗಿನ ವರದಿಗಳ ಸಾರ. ಪಟ್ಟಿಗೆ ಸೇರಿದ ಸಂಭ್ರಮದಲ್ಲಿ ತಾವೇ ನಿಲ್ಲಿಸಿದರೆ ಕುಸಿತದ ವೇಗ ಮರಳುತ್ತದೆ.

ವೆಂಟಿಲೇಟರ್: ಫೈಬ್ರೋಸಿಸ್‌ನ ಬಿರುಸು ಶ್ವಾಸಕೋಶಕ್ಕೆ ಅದರಿಂದ ಹಾನಿಯೇ ಹೆಚ್ಚು. ಕಸಿ ಪಟ್ಟಿಯಲ್ಲಿದ್ದವರಿಗೆ ಹೈಫ್ಲೋ ಮೂಗಿನ ನಳಿಕೆ, ಅದು ಸೋತರೆ ಎಚ್ಚರವಿರುವಾಗಲೇ ಎಕ್ಮೋ ಹಾಕಿ ಹಾಸಿಗೆಯಿಂದ ಎಬ್ಬಿಸಿ ನಡೆಸುವುದು ಉತ್ತಮ. ಆದರೆ ಗಮನಿಸಿ, ತಪಾಸಣೆ ಮುಗಿದು ಯೋಗ್ಯರೆಂದು ತೀರ್ಮಾನವಾದವರಿಗೆ ಮಾತ್ರ ಇದು ಸೇತುವೆ. ತಪಾಸಣೆಯೇ ಆಗದವರಿಗೆ ಎಕ್ಮೋ ಹಾಕಲು ತಂಡ ಹಿಂಜರಿಯುತ್ತದೆ, ಆಚೆ ದಡ ಇದೆಯೋ ಇಲ್ಲವೋ ಗೊತ್ತಿರುವುದಿಲ್ಲ.

ಟ್ರಫ್
ಕಸಿಯ ನಂತರ ಕೆಡುವುದು ಹೆಚ್ಚಾಗಿ ಔಷಧದ ಲೆಕ್ಕದಲ್ಲಿ. ಟ್ಯಾಕ್ರೋಲಿಮಸ್, ಮೈಕೋಫೆನೊಲೇಟ್, ಪ್ರೆಡ್ನಿಸೋಲೋನ್, ಈ ಮೂರು ಬುನಾದಿ. ಟ್ಯಾಕ್ರೋಲಿಮಸ್ 12 ಗಂಟೆಗೊಮ್ಮೆ. ಮಟ್ಟ ನೋಡಲು ರಕ್ತ ಕೊಡುವ ದಿನ ಬೆಳಗಿನ ಡೋಸ್ ನುಂಗದೆ ಹೋಗಬೇಕು, ಕೊಟ್ಟ ಮೇಲೆ ನುಂಗಬೇಕು. ನುಂಗಿ ಹೋದರೆ ವರದಿಯಲ್ಲಿ ಮಟ್ಟ ಸುಳ್ಳೇ ಏರಿರುತ್ತೆ, ವೈದ್ಯರು ಡೋಸ್ ಇಳಿಸ್ತಾರೆ, ರಿಜೆಕ್ಷನ್‌ಗೆ ದಾರಿ. ಮೊದಲ ತಿಂಗಳುಗಳಲ್ಲಿ ಮಿ.ಲೀ.ಗೆ 10–15 ನ್ಯಾನೋಗ್ರಾಂ ಸಾಮಾನ್ಯ ಗುರಿ, ಆಮೇಲೆ ಇಳಿಸ್ತಾರೆ. ಕೇಂದ್ರದಿಂದ ಕೇಂದ್ರಕ್ಕೆ ವ್ಯತ್ಯಾಸ ಇದೆ.

ವೊರಿಕೊನಜೋಲ್, ಇಟ್ರಾಕೊನಜೋಲ್, ಕ್ಲಾರಿಥ್ರೊಮೈಸಿನ್, ಡಿಲ್ಟಿಯಾಜೆಮ್ ಮಟ್ಟ ಏರಿಸ್ತವೆ. ವೊರಿಕೊನಜೋಲ್ ಶುರು ಮಾಡಿದ ದಿನವೇ ಟ್ಯಾಕ್ರೋಲಿಮಸ್ ಸುಮಾರು ಮೂರನೇ ಒಂದಕ್ಕೆ ಇಳಿಯಬೇಕು. ಜನ ಮರೆಯೋದು ಅದರ ಉಲ್ಟಾ: ವೊರಿಕೊನಜೋಲ್ ನಿಂತಾಗ ಮತ್ತೆ ಏರಿಸಬೇಕು, ಇಲ್ಲದಿದ್ರೆ ಕೆಲವೇ ದಿನದಲ್ಲಿ ಮಟ್ಟ ನೆಲ ಕಚ್ಚುತ್ತೆ. ರಿಫಾಂಪಿಸಿನ್, ಫೆನಿಟಾಯಿನ್, ಕಾರ್ಬಮಜೆಪಿನ್ ಮಟ್ಟ ಇಳಿಸ್ತವೆ. ಸುಪ್ತ ಕ್ಷಯ ಇದ್ರೆ ಕಸಿಗೆ ಮುಂಚೆಯೇ ಚಿಕಿತ್ಸೆ ಮುಗಿಸುವ ಆತುರ ಯಾಕೆ ಅಂತ ಇಲ್ಲೇ ಗೊತ್ತಾಗುತ್ತೆ. ಚಕ್ಕೋತ, ಗ್ರೇಪ್‌ಫ್ರೂಟ್ ಬೇಡ. ಭೇದಿ ಹತ್ತಿದ್ರೆ ಮಟ್ಟ ಇಳಿಯುತ್ತೆ ಅಂತ ಎಲ್ಲರ ಊಹೆ, ನಿಜದಲ್ಲಿ ಏರುತ್ತೆ. ಕರುಳಿನ ಗೋಡೆ ಔಷಧವನ್ನ ಒಡೆಯುವ ಕೆಲಸ ನಿಲ್ಲಿಸಿರುತ್ತೆ. ಕೈನಡುಕ ಜಾಸ್ತಿ ಆದ್ರೆ ಮಟ್ಟ ನೋಡಿಸಿ. ಮೈಕೈ ನೋವಿಗೆ ಐಬುಪ್ರೊಫೆನ್, ಡಿಕ್ಲೊಫೆನಾಕ್ ಮುಟ್ಟಬೇಡಿ, ಪ್ಯಾರಾಸಿಟಮಾಲ್ ಸಾಕು.

ಸಿಎಂವಿ: ದಾನಿಗೆ ಇದ್ದು ರೋಗಿಗೆ ಇಲ್ಲದ ಜೋಡಿಗೇ ಅಪಾಯ ಹೆಚ್ಚು. ವ್ಯಾಲ್‌ಗ್ಯಾನ್ಸಿಕ್ಲೋವಿರ್ 900 ಮಿ.ಗ್ರಾಂ, ಮೂತ್ರಪಿಂಡಕ್ಕೆ ತಕ್ಕಂತೆ ಇಳಿಸಿ, 6ರಿಂದ 12 ತಿಂಗಳು.

ಹೆಜ್ಜೆಬಲ
ನರಗಳು ಕತ್ತರಿಸಿರೋದರಿಂದ ಜೋಡಣೆಯ ಕೆಳಗೆ ಕಫ ನಿಂತಿದ್ರೂ ಕೆಮ್ಮು ತಾನಾಗಿ ಬರೋದಿಲ್ಲ. ‘ಕಫವೇ ಇಲ್ಲ’ ಅನ್ನೋದು ನಂಬುವ ಮಾತಲ್ಲ. ಗಡಿಯಾರ ನೋಡಿ ಕೆಮ್ಮಬೇಕು, ಮೊದಲ ವಾರಗಳಲ್ಲಿ ಎಚ್ಚರವಿದ್ದಾಗ ಗಂಟೆಗೊಮ್ಮೆ, ಎದೆಗೆ ದಿಂಬು ಒತ್ತಿ ಹಿಡಿದು. ಮಣ್ಣು ಅಗೆಯೋದು, ಗೊಬ್ಬರದ ಗುಂಡಿ, ಪಾರಿವಾಳದ ಹಿಕ್ಕೆ, ಗೋಡೆ ಒಡೆಯುವ ಧೂಳು, ಇವೆಲ್ಲದರಲ್ಲೂ ಶಿಲೀಂಧ್ರದ ಬೀಜಕಣ. ದೂರ ಇರಿ.

ಟ್ರಫ್
ಮನೆಯ ಸ್ಪೈರೋಮೀಟರ್ ಬಗ್ಗೆ: ದಿನಾ ಒಂದೇ ಹೊತ್ತಿಗೆ, ಮೂರು ಊದು, ಒಳ್ಳೆಯದನ್ನ ಬರೆದಿಡಿ. ಎಫ್‌ಇವಿ1 (ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿ) 10% ಇಳಿದು ಎರಡು ದಿನ ಹಾಗೇ ನಿಂತ್ರೆ ಫೋನ್ ಮಾಡಿ, ಮೈ ಚೆನ್ನಾಗೇ ಇದ್ರೂ. 2.8 ಲೀಟರ್ ಇದ್ದವರಿಗೆ ಅದು 2.52. ತೀವ್ರ ರಿಜೆಕ್ಷನ್ ಆಗಿದ್ರೆ ಬ್ರಾಂಕೋಸ್ಕೋಪಿ ಬಯಾಪ್ಸಿಯಲ್ಲಿ ಗೊತ್ತಾಗುತ್ತೆ, ಮಿಥೈಲ್‌ಪ್ರೆಡ್ನಿಸೋಲೋನ್ ಮೂರು ದಿನ ಕೊಟ್ರೆ ಹೆಚ್ಚಿನವು ಹಿಡಿತಕ್ಕೆ ಬರ್ತವೆ.

ಹಿಡಿತಕ್ಕೆ ಬಾರದ್ದು ಸಿಎಲ್‌ಎಡಿ, ದೀರ್ಘಕಾಲದ ವೈಫಲ್ಯ. ಕಸಿಯ ನಂತರದ ಅತ್ಯುತ್ತಮ ಎರಡು ರೀಡಿಂಗಿನ ಸರಾಸರಿಗಿಂತ ಎಫ್‌ಇವಿ1 20% ಇಳಿದು ಏಳದೇ ಹೋದ್ರೆ ಅದೇ ಹೆಸರು. 2.8 ಇದ್ದವರಿಗೆ 2.24. ಐದು ವರ್ಷ ಬದುಕಿದವರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ಬರುತ್ತೆ. ಮೊದಲ ಹೆಜ್ಜೆ ಅಜಿಥ್ರೊಮೈಸಿನ್ 250 ಮಿ.ಗ್ರಾಂ ವಾರಕ್ಕೆ ಮೂರು ದಿನ. ಟ್ಯಾಕ್ರೋಲಿಮಸ್ ಜೊತೆ ಅದು ಕ್ಲಾರಿಥ್ರೊಮೈಸಿನ್‌ನಷ್ಟು ಜಗಳ ಮಾಡಲ್ಲ. ಆದ್ರೆ ಇಸಿಜಿಯಲ್ಲಿ ಕ್ಯೂಟಿ (ಹೃದಯದ ಲಯಕ್ಕೆ ಸಂಬಂಧಿಸಿದ ಅಂತರ) ನೋಡಿಸಿ.

ಸುಧಾರಣೆ
ಒಟ್ಟಾರೆ ಅಂಕಿ ಯಾರೂ ಹೇಳಲಿಲ್ಲ. ಮೊದಲ ವರ್ಷ ದಾಟುವವರು ನೂರಕ್ಕೆ 85–90. ಐಪಿಎಫ್ ಗುಂಪಿನ ಸರಾಸರಿ ಆಯುಸ್ಸು ಕಸಿಯ ನಂತರ ಐದು ವರ್ಷದ ಆಸುಪಾಸು, ಸಿಸ್ಟಿಕ್ ಫೈಬ್ರೋಸಿಸ್‌ನ ಕಿರಿಯ ರೋಗಿಗಳಿಗಿಂತ ಕಡಿಮೆ. ಒಪ್ಪಿಗೆ ಕೊಡುವ ಮುಂಚೆ ರೋಗಿಗೆ ಈ ಅಂಕಿ ನೇರವಾಗಿ ಗೊತ್ತಿರಬೇಕು. ಪಟ್ಟಿಯಲ್ಲಿ ಹೆಸರಿದೆ ಅಂತ ಉಪಶಮನ ಆರೈಕೆಯನ್ನು ದೂರ ಇಡುವುದೂ ತಪ್ಪು. ಏದುಸಿರಿಗೆ ಕಡಿಮೆ ಡೋಸಿನ ಮಾರ್ಫಿನ್ ಕೊಟ್ಟರೆ ಪಟ್ಟಿಯಿಂದ ಹೆಸರು ಹೋಗುತ್ತದೆ ಅನ್ನುವುದು ಸುಳ್ಳು.

ಆರುನಿಮಿಷ
ಕೊನೆಯ ಪ್ರಶ್ನೆ. ಒಂದೇ ಕಸಿಯಾದವರಲ್ಲಿ ಎಫ್‌ಇವಿ1 ಇಳಿದರೆ ಕೆಟ್ಟಿದ್ದು ಹಳೆಯದೋ ಹೊಸದೋ ಅಂತ ತಿಳಿಯುವುದು ಹೇಗೆ?

ಪಟ್ಟಿಯಾಚೆ
ಊದುವ ಯಂತ್ರ ಎರಡನ್ನೂ ಕೂಡಿಸಿ ಹೇಳುತ್ತದೆ, ಅದರಿಂದಲೇ ತೀರ್ಮಾನವಾಗದು. ಎಫ್‌ಇವಿ1 ಇಳಿದು ಎಫ್‌ವಿಸಿ ಅಲ್ಲೇ ನಿಂತಿದ್ದರೆ ಹೊಸದರ ಕಿರುನಾಳಗಳು ಮುಚ್ಚುತ್ತಿವೆ ಅಂತ ಮೊದಲ ಅನುಮಾನ. ಉಸಿರು ಹೊರಬಿಟ್ಟು ತೆಗೆದ ಸಿಟಿಯಲ್ಲಿ ಹೊಸ ಬದಿಯಲ್ಲಿ ಗಾಳಿ ಸಿಕ್ಕಿಕೊಂಡದ್ದು ಕಪ್ಪಾಗಿ ಕಾಣುತ್ತದೆ. ಎರಡೂ ಸಮಸಮ ಇಳಿದಿದ್ದರೆ ಹಳೆಯದು ಮತ್ತಷ್ಟು ಕುಗ್ಗಿರಬಹುದು, ಇಲ್ಲವೇ ಹೊಸದರಲ್ಲೇ ನಿರ್ಬಂಧಕ ಬಗೆಯ ಸಿಎಲ್‌ಎಡಿ, ಆರ್‌ಎಎಸ್. ಇದು ಕೆಟ್ಟದ್ದು, ಬಂದ ಮೇಲೆ ಬಹುತೇಕರಿಗೆ ಒಂದೆರಡು ವರ್ಷ. ಹಿಂದಿನ ಸಿಟಿ ಪಕ್ಕದಲ್ಲಿಟ್ಟು ಯಾವ ಬದಿಯ ಗಾತ್ರ ಇಳಿದಿದೆ ಅಂತ ಅಳೆದರೆ ಬಿಡಿಸಿಕೊಳ್ಳುತ್ತದೆ. ಅದಕ್ಕೇ ಕಸಿಯಾಗಿ ಚೇತರಿಸಿಕೊಂಡ ಹಂತದಲ್ಲಿ ಎಫ್‌ಇವಿ1, ಎಫ್‌ವಿಸಿ ಜೊತೆಗೆ ಒಟ್ಟು ಸಾಮರ್ಥ್ಯ ಮತ್ತು ಉಸಿರು ಒಳ-ಹೊರಗಿನ ಎರಡೂ ಸಿಟಿ ಮಾಡಿಸಿ, ಡಿಸ್ಕ್ ಸಮೇತ ಇಟ್ಟುಕೊಳ್ಳಿ. ಬರೀ ವರದಿಯ ಕಾಗದ ಇದ್ದರೆ ಹೋಲಿಸಲು ಬರುವುದಿಲ್ಲ.